ಗಾಡಿ ಹೊಡೆದವರ ದೋಣಿ

ನಮ್ಮಪ್ಪನಿಗೆ ಈಜು ಬರುತ್ತಿರಲಿಲ್ಲ. ಕೆರೆಯ ಪಕ್ಕದಲ್ಲೇ ಹುಟ್ಟಿ ಬೆಳೆದವರು, ಎತ್ತು ಎಮ್ಮೆಗಳನ್ನು ಅದೇ ನೀರಿನಲ್ಲಿ ತೊಳೆದವರು. ಆದರೆ ನೀರು ಸೊಂಟಕ್ಕಿಂತ ಮೇಲೆ ಬಂದರೆ ಎತ್ತಿನ ಬಾಲ ಹಿಡಿದುಕೊಂಡು ದಡಕ್ಕೆ ಬರುತ್ತಿದ್ದರಂತೆ. ಅಂಥವರು ವಯಸ್ಸಾದ ಮೇಲೆ ಒಂದು ಮೋಟಾರು ದೋಣಿಯ ಮೇಲೆ ಪ್ರಾಣ ಇಟ್ಟುಕೊಂಡರು. ಅಮ್ಮ ಆ ದೋಣಿಯನ್ನು ತನ್ನ ಸವತಿ ಎಂದೇ ಕರೆಯುತ್ತಿದ್ದಳು. ನೆಂಟರು ಬಂದು ‘ಎಲ್ಲಿ ನಿಮ್ಮನೆಯೋರು’ ಎಂದರೆ, ‘ಅವಳ ಮನೇಗೋಗವ್ರೆ’ ಎಂದು ಕೆರೆಯ ಕಡೆ ಕೈ ತೋರಿಸುವಳು.

ನಮ್ಮದು ಕೊಡಿಗೇಹಳ್ಳಿಯ ಹಳೇ ಮನೆ. ನಾನು ಚಿಕ್ಕವಳಿದ್ದಾಗ ಮನೆಯ ಹಿಂದೆ ದ್ರಾಕ್ಷಿ ತೋಟವಿತ್ತು, ಕೊಟ್ಟಿಗೆಯಲ್ಲಿ ಒಂದು ಜೊತೆ ಎತ್ತು, ಅಂಗಳದಲ್ಲಿ ಗಾಡಿ. ಆಮೇಲೆ ತೋಟ ಸೈಟುಗಳಾಯಿತು, ಸೈಟುಗಳ ಮೇಲೆ ಮನೆಗಳೆದ್ದವು, ಎತ್ತುಗಳಿದ್ದ ಜಾಗಕ್ಕೆ ಅಣ್ಣನ ಜೆಸಿಬಿ ಬಂತು. ಇದರಲ್ಲಿ ಕಣ್ಣೀರು ಹಾಕುವಂಥದ್ದೇನೂ ಇಲ್ಲ. ಗೊಬ್ಬರದ ವಾಸನೆ ಹೋಗಿ ಗೀಸರಿನ ಬಿಸಿನೀರು ಬಂದದ್ದಕ್ಕೆ ಅಮ್ಮನಷ್ಟು ಸಂತೋಷಪಟ್ಟವರು ಊರಿನಲ್ಲೇ ಇರಲಿಲ್ಲ. ಅಪ್ಪ ಮಾತ್ರ ಕೆಲಸವಿಲ್ಲದೆ ಕೂರಲಾರದ ಮನುಷ್ಯ. ದಾಯಾದಿಯೊಬ್ಬರ ಜೊತೆ ಸೇರಿ ಯಲಹಂಕದ ಕಡೆಯ ಒಂದು ಕೆರೆಯಲ್ಲಿ ಬೋಟಿಂಗ್ ನಡೆಸುವ ಗುತ್ತಿಗೆ ಹಿಡಿದರು. ಕಾಲಿನಿಂದ ತುಳಿಯುವ ಹಂಸದ ದೋಣಿಗಳು ಒಂದಷ್ಟು, ಅವುಗಳ ಜೊತೆಗೆ ಈ ಮೋಟಾರು ದೋಣಿ. ಪ್ರೇಮಿಗಳು ಹಂಸ ಹತ್ತಿ ಜೋರಾಗಿ ತುಳಿದುಕೊಂಡು ಹೋಗಿ, ಕೆರೆಯ ನಡುವೆ ಕಾಲು ಸೋತು, ‘ಅಂಕಲ್, ಅಂಕಲ್’ ಎಂದು ಕೈ ಬೀಸುವರು. ಅಂಕಲ್ ಮೋಟಾರು ದೋಣಿಯಲ್ಲಿ ಹೋಗಿ, ಹಗ್ಗ ಕಟ್ಟಿ, ಹಂಸವನ್ನೂ ಪ್ರೇಮವನ್ನೂ ಒಟ್ಟಿಗೆ ಎಳೆದು ತರುವರು. ಅದರಲ್ಲಿ ಅವರಿಗೆ ಎಂಥ ಖುಷಿ!

ಏರ್‌ಪೋರ್ಟ್ ರಸ್ತೆಗೆ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ದೊಡ್ಡದಲ್ಲ, ಆದರೆ ಬಲಗೈ ಬಲಗಾಲಿನ ಕಸುವು ಹೋಯಿತು. ಬಾಯಿಗೆ ಏನೂ ಆಗಲಿಲ್ಲ, ನಮ್ಮ ಮನೆಯವರ ಬಾಯಿಗೆ ಯಾವ ಕಾಯಿಲೆಯೂ ತಾಗುವುದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅಣ್ಣ ಒಂದೊಂದಾಗಿ ಕಿತ್ತುಕೊಂಡ: ಬುಲೆಟ್ಟಿನ ಕೀ, ಜೀಪಿನ ಕೀ, ತಾನು ಕಟ್ಟಿಸುತ್ತಿದ್ದ ಕಟ್ಟಡದ ಮೇಲೆ ಹತ್ತಿ ಕಾಂಕ್ರೀಟಿಗೆ ನೀರು ಹಾಯಿಸುವ ಕೆಲಸ. ಎಲ್ಲದಕ್ಕೂ ಕಾರಣ ಇತ್ತು, ಎಲ್ಲ ಕಾರಣವೂ ಸರಿಯಾಗಿತ್ತು, ಅದಕ್ಕೇ ನನಗೆ ಅಣ್ಣನ ಮೇಲೆ ಅಷ್ಟೊಂದು ಸಿಟ್ಟು. ತಪ್ಪು ಮಾಡುವವರ ಜೊತೆ ಜಗಳವಾಡಬಹುದು. ಯಾವಾಗಲೂ ಸರಿಯಾಗಿರುವವರ ಜೊತೆ ಏನು ಮಾಡುವುದು?

ಉಳಿದದ್ದು ದೋಣಿ ಒಂದೇ. ದೋಣಿಯ ಹಿಂಭಾಗದ ಮೋಟಾರಿಗೆ ಒಂದು ಹಿಡಿ ಇರುತ್ತದೆ, ಅದನ್ನು ಅತ್ತ ಇತ್ತ ತಿರುಗಿಸಿದರೆ ದೋಣಿ ತಿರುಗುತ್ತದೆ. ಎಡಗೈಯೊಂದೇ ಸಾಕು. ಬೆಳಿಗ್ಗೆ ಕೆರೆಯ ಸುತ್ತ ಒಂದು ಸುತ್ತು ಹಾಕಿ, ಎಲ್ಲಿ ಕಳೆ ತುಂಬಿದೆ, ಎಲ್ಲಿ ಪ್ಲಾಸ್ಟಿಕ್ ತೇಲುತ್ತಿದೆ ಎಂದು ನೋಡಿ, ನೀರುಕೋಳಿಗಳನ್ನು ಬೈದು ಬರುವರು. ಬಂದ ಮೇಲೆ ಅವರ ಮುಖ ನೋಡಬೇಕಿತ್ತು. ಲಕ್ವ ಹೊಡೆದದ್ದು ಬೇರೆ ಯಾರಿಗೋ ಎಂಬಂತೆ ಇರುತ್ತಿತ್ತು.

ಹತ್ತುವಾಗ ಕಟ್ಟೆಯ ಅಂಚಿನಲ್ಲಿ ಕೂತು ದೋಣಿಯೊಳಗೆ ಜಾರಿಬಿಡುವರು. ತೊಂದರೆ ಇದ್ದದ್ದು ದೋಣಿಯಿಂದ ಇಳಿಯುವುದರಲ್ಲಿ. ಕಟ್ಟೆಯೆಂದರೆ ದಡದಿಂದ ನೀರಿನೊಳಗೆ ಚಾಚಿದ ಹಲಗೆಯ ಕಟ್ಟೆ, ಅದು ದೋಣಿಯ ತಳಕ್ಕಿಂತ ತೊಡೆಯೆತ್ತರ ಮೇಲಿತ್ತು. ನಾವು ಒಂದು ಕಾಲು ಊರಿ ಹಾರಿಬಿಡುತ್ತಿದ್ದೆವು. ಅಪ್ಪನಿಗೆ ಊರಲು ಕಾಲೇ ಇಲ್ಲ, ಮೇಲಾಗಿ ಕೆಳಗೆ ದೋಣಿ ಅಲ್ಲಾಡುತ್ತದೆ. ಇಬ್ಬರು ಕೆಲಸದವರು ಮೇಲೆ ನಿಂತು ಕಂಕುಳಿಗೆ ಕೈ ಹಾಕಿ ಎಳೆಯಬೇಕು, ಒಬ್ಬರು ಹಿಂದಿನಿಂದ ತಳ್ಳಬೇಕು. ರಾಗಿ ಮೂಟೆ ಎತ್ತಿದಂತೆ ‘ಹೂಂ, ಹೂಂ, ಇನ್ನೊಂಚೂರು’ ಎನ್ನುತ್ತ ಎತ್ತುವಾಗ ಚುರುಮುರಿ ತಿನ್ನುವ ಜನ ಸುತ್ತ ನಿಂತು ನೋಡುವರು. ಒಂದು ಭಾನುವಾರ ಹೀಗೆ ಎಳೆಯುವಾಗ ಪಂಚೆ ಬಿಚ್ಚಿಕೊಂಡಿತು. ಒಳಗೆ ಚಡ್ಡಿ ಇತ್ತು, ಮಾನ ಏನೂ ಹೋಗಲಿಲ್ಲ. ಆದರೆ ಆ ಸಂಜೆ ಅಪ್ಪ ಊಟಕ್ಕೆ ಕೂತವರು ಮುದ್ದೆ ಮುರಿಯದೆ ಎದ್ದುಹೋದರು.

ಮಾರನೆಯ ದಿನ ಅಣ್ಣ ತೀರ್ಪು ಕೊಟ್ಟ. ‘ಅಪ್ಪಾ, ನೋಡಿ, ನೀವೇ ಹತ್ಬೇಕು, ನೀವೇ ಇಳೀಬೇಕು. ಯಾರೂ ಕಂಕುಳಿಗೆ ಕೈ ಹಾಕ್ಬಾರ್ದು. ಹಂಗಾದ್ರೆ ಮಾತ್ರ ದೋಣಿ ಇಟ್ಕೊಳ್ಳಿ. ಇಲ್ಲಾಂದ್ರೆ ಡ್ರೈವರ್ ಇಡ್ತೀನಿ, ನೀವು ದಡದಲ್ಲಿ ಚೇರ್ ಹಾಕ್ಕೊಂಡ್ ಕೂತ್ಕೊಳ್ಳಿ.’

‘ಅತ್ತೋದು ಬತ್ತದೆ ಕಣ್ಲಾ, ಇಳ್ಯೋದೇ ಕಷ್ಟ,’ ಎಂದರು ಅಪ್ಪ.

‘ಅದೇ ಹೇಳ್ತಿರೋದು. ಬಿದ್ರೆ ಯಾರ್ ಜವಾಬ್ದಾರಿ?’

ಅಪ್ಪನ ಪರವಾಗಿ ನಾನು ಮಾತಾಡಿದೆ, ಜೋರಾಗಿಯೇ ಮಾತಾಡಿದೆ, ಆದರೆ ಅದರಿಂದ ಅಪ್ಪನ ಕಾಲಿಗೆ ಬಲ ಬರುವುದಿಲ್ಲವಲ್ಲ. ಸಂಜಯನಗರದ ನನ್ನ ಮನೆಗೆ ಹಿಂದಿರುಗುವಾಗ ಸ್ಕೂಟರಿನ ಮೇಲೆ ಅಳುತ್ತಲೇ ಬಂದೆ. ಕುರ್ಚಿಯ ಮೇಲೆ ಕೂತ ಅಪ್ಪನನ್ನು ಊಹಿಸಿಕೊಳ್ಳಲು ನನಗೆ ಆಗುತ್ತಿರಲಿಲ್ಲ. ಕೂತರೆ ಆ ಮನುಷ್ಯ ಮತ್ತೆ ಏಳುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಅಪ್ಪ ಕುರ್ಚಿಯನ್ನೇನೋ ಹಾಕಿಸಿಕೊಂಡರು. ಕೆರೆಯ ದಡದಲ್ಲಲ್ಲ, ಏರ್‌ಪೋರ್ಟ್ ರಸ್ತೆಯ ಪಕ್ಕದಲ್ಲಿ. ಅಲ್ಲಿ ಆಗ ಹಗಲೆಲ್ಲ ಕ್ರೇನುಗಳು ಕಾಂಕ್ರೀಟಿನ ದಿಮ್ಮಿಗಳನ್ನು ಎತ್ತಿ ಕಂಬಗಳ ಮೇಲೆ ಕೂರಿಸುತ್ತಿದ್ದವು. ಧೂಳು, ಹಾರನ್ನು, ಬಿಸಿಲು, ಯಾವುದೂ ಲೆಕ್ಕಕ್ಕಿಲ್ಲ. ಟವೆಲನ್ನು ತಲೆಗೆ ಸುತ್ತಿಕೊಂಡು ಬಾಯಿ ತೆರೆದು ನೋಡುವರು. ಅಮ್ಮ ಮಧ್ಯಾಹ್ನ ಊಟದ ಡಬ್ಬಿ ಕಳಿಸುವಾಗ ‘ಸವತಿ ಬದಲಾದ್ಲು’ ಎಂದಳು. ಒಂದು ವಾರ ನೋಡಿ ನೋಡಿ, ಅಪ್ಪ ನನಗೆ ಫೋನ್ ಮಾಡಿದರು.

‘ನಿನ್ ಅಂಗ್ಡಿ ಪಕ್ಕ ಆ ವೆಲ್ಡಿಂಗ್ ಬಾಯಿ ಅವ್ನಲ್ಲ, ಕರ್ಕಂಬಾ. ನನ್ ಇಳ್ಸೋದ್ ಬ್ಯಾಡ. ದೋಣಿನೇ ಎತ್ತನ.’

ಆರ್.ಟಿ. ನಗರದಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರು. ಸೀರೆಗೆ ರವಿಕೆ ಬಟ್ಟೆ, ಲೈನಿಂಗು, ಫಾಲ್ಸು, ಲೇಸು. ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಭಾಯಿ ಗೇಟು, ಕಿಟಕಿ ಮಾಡುತ್ತಿದ್ದರು. ದೋಣಿ ಎತ್ತುವ ಯಂತ್ರ ಎಂದು ನಾನು ಹೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, ‘ಮೇಡಂ, ನಾನು ಗೇಟ್ ಮಾಡ್ತೀನಿ, ಗ್ರಿಲ್ ಮಾಡ್ತೀನಿ. ಆದ್ರೆ ದೋಣಿ ಎತ್ತೋದಂದ್ರೆ ಮಜಾ ಇದೆ, ನಡೀರಿ’ ಎಂದು ಹೊರಟೇಬಿಟ್ಟರು.

ಮಂಗಳವಾರ ನನ್ನ ಅಂಗಡಿಗೂ ರಜೆ, ಬೋಟಿಂಗಿಗೂ ರಜೆ. ಆ ಮಂಗಳವಾರ ಅಪ್ಪ ಕೆರೆಯ ದಡದ ಮಣ್ಣಿನ ಮೇಲೆ ಕಡ್ಡಿಯಿಂದ ನಕ್ಷೆ ಬರೆದರು. ಕಟ್ಟೆಯ ಪಕ್ಕ ನೀರಿನಲ್ಲಿ, ದೋಣಿಯ ಎಡಬಲಕ್ಕೆ ಮೂರು ಮೂರು ಕಬ್ಬಿಣದ ಕಂಬಗಳು. ಮೇಲೆ ಅಡ್ಡ ಗರ್ಡರು. ಗರ್ಡರಿನ ನಡುವೆ, ಕಟ್ಟಡದ ಕೆಲಸದಲ್ಲಿ ಉಳಿದಿದ್ದ, ಭಾರ ಎತ್ತುವ ಒಂದು ಚೈನ್ ಪುಲ್ಲಿ, ಅದರ ಕೊಕ್ಕೆಗೆ ತೂಗುಬಿದ್ದ ಒಂದು ಚೌಕಟ್ಟು. ಚೌಕಟ್ಟಿಗೆ ಮುಂದೊಂದು ಹಿಂದೊಂದು ಅಗಲವಾದ ಬೆಲ್ಟು. ಚೌಕಟ್ಟನ್ನು ನೀರಿನೊಳಗೆ ಇಳಿಸಿರುವುದು, ದೋಣಿ ಬಂದು ಬೆಲ್ಟುಗಳ ಮೇಲೆ ನಿಲ್ಲುವುದು, ನಾವು ಚೈನು ಎಳೆಯುವುದು, ದೋಣಿ ಮೇಲೇಳುವುದು. ದೋಣಿಯ ತಳ ಕಟ್ಟೆಯ ಹಲಗೆಗೆ ಸಮವಾದಾಗ ಕಂಬಗಳ ತೂತಿಗೆ ಕೀಲು ಹಾಕಿ ಚೌಕಟ್ಟನ್ನು ನಿಲ್ಲಿಸಿಬಿಡುವುದು. ಆಮೇಲೆ ಅಪ್ಪ ಹೊಸ್ತಿಲು ದಾಟಿದಂತೆ ದಾಟಿ ಬರುವುದು. ಕೆಲಸದವರು ಅದಕ್ಕೆ ತೊಟ್ಟಿಲು ಎಂದು ಹೆಸರಿಟ್ಟರು.

ತೊಟ್ಟಿಲು ತಯಾರಾದ ದಿನ ಅಣ್ಣನೂ ನೋಡಲು ಬಂದ. ಮೊದಲ ಸಲ ಅಪ್ಪನನ್ನೇ ಕೂರಿಸುವುದು ಬೇಡ ಎಂದು ಅವರ ಜಾಗದಲ್ಲಿ ಒಂದು ಮರಳಿನ ಮೂಟೆ ಇಟ್ಟೆವು. ಮೂಟೆಗೆ ಅಪ್ಪನ ಟವೆಲು ಸುತ್ತಿದ್ದು ನನ್ನ ತುಂಟತನ. ಅಪ್ಪ ಕಟ್ಟೆಯ ಮೇಲೆ ನಿಂತು, ದೋಣಿಯನ್ನು ಹಗ್ಗದಿಂದ ಎಳೆಸಿ ತೊಟ್ಟಿಲಿನೊಳಗೆ ನಿಲ್ಲಿಸಿದರು. ‘ಇಂದಕ್ಕೆ, ಮುಂದಕ್ಕೆ, ಇನ್ನೊಂಚೂರ್ ಮುಂದಕ್ಕೆ. ಸಾಕು.’ ಕಣ್ಣು ಕಿರಿದು ಮಾಡಿ ದೋಣಿಯ ಉದ್ದಕ್ಕೂ ನೋಡಿ, ‘ಇನ್ನೊಂದ್ ಗೇಣು ಮುಂದಕ್ ಬರ್ಲಿ’ ಎಂದರು.

‘ಯಾಕಪ್ಪಾ? ಈಗ್ಲೇ ಸಮ ಇದ್ದಂಗಿದೆಯಲ್ಲ?’ ಎಂದೆ.

‘ನಿಂಗೇನ್ ಗೊತ್ತು? ಸಮ ಇರ್ಬಾರ್ದು. ಯಾವತ್ತೂ ಒಂಚೂರು ಮುಂಭಾರ ಇರ್ಬೇಕು.’

ಅವರ ದನಿಯಲ್ಲಿ ಎಷ್ಟು ಧೈರ್ಯವಿತ್ತೆಂದರೆ ನಾನೂ ನಂಬಿಬಿಟ್ಟೆ. ಭಾಯಿ ಚೈನು ಎಳೆದರು. ಕಟಕಟ ಎಂದು ದೋಣಿ ನೀರು ಬಿಟ್ಟು ಎದ್ದಿತು. ಎಲ್ಲರೂ ‘ಓ’ ಎಂದೆವು. ಆ ‘ಓ’ ಮುಗಿಯುವ ಮೊದಲೇ ದೋಣಿಯ ಮೂತಿ ಕೆಳಗೆ ಬಾಗಿತು. ಬಾಗಿದ್ದು ನಿಲ್ಲಲಿಲ್ಲ. ಮರಳಿನ ಮೂಟೆ ಹಿಂದಿನಿಂದ ಜಾರುತ್ತ ಇಡೀ ದೋಣಿಯನ್ನು ದಾಟಿ, ಮೂತಿಯ ಮೇಲಿಂದ ಟವೆಲಿನ ಸಮೇತ ಕೆರೆಗೆ ಹಾರಿತು. ಅದರ ಹಿಂದೆಯೇ ದೋಣಿ ಬೆಲ್ಟಿನಿಂದ ಜಾರಿ ಕಳೆಯೊಳಗೆ ಮೂತಿ ಹೂತುಕೊಂಡಿತು. ಮೋಟಾರು ಆಕಾಶಕ್ಕೆ ಮುಖ ಮಾಡಿತ್ತು.

ಕಟ್ಟೆಯ ತುದಿಯಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದ ಅಮ್ಮ, ತೇಲುತ್ತಿದ್ದ ಟವೆಲನ್ನು ನೋಡಿ, ‘ಅಯ್ಯಯ್ಯೋ, ನಮ್ಮನೆಯೋರು ಮುಳುಗೋದ್ರು!’ ಎಂದು ಎದೆ ಬಡಿದುಕೊಂಡಳು. ಭಾಯಿ ನಗು ತಡೆಯಲಾರದೆ ಚೈನು ಬಿಟ್ಟು ಕುಕ್ಕರಗಾಲಿನಲ್ಲಿ ಕೂತರು. ನಗದೆ ಇದ್ದವರು ಅಪ್ಪ, ಅಣ್ಣ ಇಬ್ಬರೇ.

‘ಮೂಟೆ ಜಾಗದಲ್ಲಿ ಅಪ್ಪ ಇದ್ದಿದ್ರೆ?’ ಎಂದ ಅಣ್ಣ. ‘ಇನ್ನೊಂದೇ ಸಲ ನೋಡ್ತೀನಿ. ನನ್ ಕಣ್ಣೆದುರಿಗೆ ಆಗ್ಬೇಕು. ಅವತ್ತೂ ಹಿಂಗೇ ಆದ್ರೆ ದೋಣಿ ವಿಷ್ಯ ಮರ್ತುಬಿಡಿ.’ ಹೇಳಿ ಕಾರು ಹತ್ತಿ ಹೊರಟುಹೋದ.

ಅಪ್ಪ ಮೂತಿ ಹೂತ ದೋಣಿಯನ್ನೇ ನೋಡುತ್ತ ನಿಂತಿದ್ದರು. ‘ಮುಂಭಾರ ಇಟ್ಟಿದ್ನಲ್ಲೇ. ಎಲ್ಲಿ ತಪ್ತು?’ ಎಂದು ಅಮ್ಮನನ್ನು ಕೇಳಿದರು. ಆಗ ನನಗೆ ಅರ್ಥವಾಯಿತು. ಅಪ್ಪ ಎತ್ತಿನ ಗಾಡಿಗೆ ಲೋಡು ಹಾಕಿದ್ದರು. ಅಚ್ಚಿನ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಹಿಚುಕುತ್ತದೆ, ಅದಕ್ಕೇ ಗಾಡಿಗೆ ಯಾವಾಗಲೂ ಸ್ವಲ್ಪ ಮುಂಭಾರ ಇಡುವುದು. ಯಶವಂತಪುರದ ಮಂಡಿಗೆ ಮೂಟೆ ಹೇರಿಕೊಂಡು ಹೋಗಿ ಬಂದ ಕೈ ಅದು. ಒಂದೇ ಕೊಕ್ಕೆಗೆ ತೂಗುವ ತೊಟ್ಟಿಲು ಅವರ ಕಣ್ಣಿಗೆ ಒಂದೇ ಅಚ್ಚಿನ ಗಾಡಿಯಂತೆ ಕಂಡಿತ್ತು.

ಅಮ್ಮ ಕಡಲೆಕಾಯಿಯ ಸಿಪ್ಪೆಯನ್ನು ಸೆರಗಿನಿಂದ ಕೊಡವಿ ಹೇಳಿದಳು: ‘ಮುಂಭಾರ ಇಡೋಕೆ ಗಾಡಿಗ್ ಎತ್ತವೆ, ಕತ್ತು ಕೊಟ್ಟು ಒರ್ತವೆ. ನಿನ್ ದೋಣಿ ಮುಂದೆ ಯಾರವ್ರೆ? ನಾನ್ ಓಗಿ ಕತ್ ಕೊಡ್ಲಾ?’

ಅಪ್ಪ ನಗಲು ಶುರುಮಾಡಿದರು. ಲಕ್ವ ಹೊಡೆದ ಮೇಲೆ ಅವರ ನಗು ಒಂದು ಕಡೆಗೆ ವಾಲುತ್ತಿತ್ತು, ಆದರೂ ಅದು ಹಳೇ ನಗುವೇ. ಅಂದು ಅಣ್ಣನ ಮಾತಿಗೆ ಹೆದರಿ ಮನೆಗೆ ಹೋಗಿ ಮಲಗಬೇಕಿದ್ದವರು, ಭಾಯಿಯನ್ನು ಕರೆದು ಗಂಜಿ ಕುಡಿಸಿ, ಮತ್ತೆ ಮಣ್ಣಿನ ಮೇಲೆ ಗೆರೆ ಎಳೆಯತೊಡಗಿದರು.

ಆಮೇಲಿನ ಮಂಗಳವಾರಗಳೆಲ್ಲ ನಾನು ಬೆಳಿಗ್ಗೆಯೇ ಕೆರೆಗೆ ಹೋಗುತ್ತಿದ್ದೆ. ಮೊದಲು ಮಾಡಿದ ಕೆಲಸ, ಬೆಲ್ಟುಗಳು ಜಾರದ ಹಾಗೆ ಚೌಕಟ್ಟಿಗೆ ಎರಡು ಕಡೆ ತಡೆ ಕೂರಿಸಿದ್ದು. ಆಮೇಲೆ ದೋಣಿಯ ಸಮತೂಕದ ಜಾಗ ಹುಡುಕಿದ್ದು. ಮೋಟಾರು ಹಿಂದೆ, ಅಪ್ಪನೂ ಮೋಟಾರಿನ ಪಕ್ಕದಲ್ಲೇ ಕೂರುವವರು, ಹಾಗಾಗಿ ಸಮತೂಕ ದೋಣಿಯ ಮಧ್ಯದಲ್ಲಿರದೆ ಹಿಂದಕ್ಕೆ ಸರಿದಿತ್ತು. ಮೂಟೆ ಇಟ್ಟು, ಗೇಣಷ್ಟೇ ಎತ್ತಿ, ಇಳಿಸಿ, ಸರಿಸಿ, ಮತ್ತೆ ಎತ್ತಿ, ಕೊನೆಗೆ ದೋಣಿ ತಟ್ಟೆಯಂತೆ ಸಮವಾಗಿ ಎದ್ದ ಜಾಗದಲ್ಲಿ ಅದರ ಪಕ್ಕೆಗೆ ಒಂದು ಕೆಂಪು ಪಟ್ಟೆ ಬಳಿದೆವು. ಹಂಸಗಳ ಕೊಕ್ಕಿಗೆ ಬಳಿದು ಉಳಿದಿದ್ದ ಬಣ್ಣ. ಆ ಪಟ್ಟೆ ನಡುವಿನ ಕಂಬಕ್ಕೆ ನೇರವಾಗಿ ಬಂದು ನಿಂತರೆ ತೂಕ ಸರಿ ಎಂದು ಲೆಕ್ಕ.

ಬಂದು ನಿಲ್ಲುವುದೇ ಕಷ್ಟ. ರಸ್ತೆಯ ಮೇಲಿನ ವಾಹನಕ್ಕೆ ಬ್ರೇಕ್ ಇರುತ್ತದೆ, ಎತ್ತಿಗೆ ಮೂಗುದಾರ ಇರುತ್ತದೆ, ದೋಣಿಗೆ ಏನೂ ಇಲ್ಲ. ಮೋಟಾರು ನಿಲ್ಲಿಸಿದರೂ ಅದು ತನ್ನ ಪಾಡಿಗೆ ಹೋಗುತ್ತಲೇ ಇರುತ್ತದೆ. ಅಪ್ಪ ಮೊದಮೊದಲು ಜೋರಾಗಿ ಬಂದು ಬಲಗಡೆಯ ಕಂಬಕ್ಕೆ ಗುದ್ದುವರು. ಬಲಗೈ ನೀಡಿ ಕಂಬ ಹಿಡಿಯಲು ಹೋಗುವರು, ಕೈ ಅರ್ಧಕ್ಕೇ ನಿಲ್ಲುವುದು, ದೋಣಿ ಢಣ್ ಎನ್ನುವುದು. ಗಾಳಿಯೂ ಒಂದು ಕಾಟ. ಒಂದೊಂದು ದಿನ ಯಲಹಂಕ ವಾಯುನೆಲೆಯ ವಿಮಾನಗಳು ತಲೆಯ ಮೇಲೆ ಗುಡುಗಿಕೊಂಡು ಹೋಗುವಾಗ ನಾನು ಕಿರುಚಿದ್ದು ಅವರಿಗೆ ಕೇಳಿಸುತ್ತಿರಲಿಲ್ಲ, ಅವರು ಬೈದದ್ದು ನನಗೆ ಕೇಳಿಸುತ್ತಿರಲಿಲ್ಲ. ಅದು ಒಳ್ಳೆಯದೇ ಆಯಿತು. ನನಗೆ ಸಹನೆ ಕಡಿಮೆ. ಗಿರಾಕಿ ನಾಲ್ಕನೇ ಸಲ ‘ಇದಕ್ಕಿಂತ ಒಂಚೂರು ತಿಳಿ ಹಸಿರು’ ಎಂದರೆ ಬಟ್ಟೆಯ ಥಾನು ಎತ್ತಿ ಕುಕ್ಕುವವಳು ನಾನು. ಅಪ್ಪನೋ ನನಗಿಂತ ಒಂದು ಕೈ ಮೇಲು. ಒಂದು ಮಂಗಳವಾರ ಇಬ್ಬರೂ ಕೂಗಾಡಿ, ‘ನೀನೇ ನಡ್ಸೋಗು’ ಎಂದು ಅವರು ಮೋಟಾರಿನ ಹಿಡಿ ಬಿಟ್ಟುಬಿಟ್ಟರು. ದೋಣಿ ಗಾಳಿಗೆ ಸಿಕ್ಕಿ ಕಳೆಯೊಳಗೆ ಹೋಗಿ ಸಿಕ್ಕಿಕೊಂಡಿತು. ಯಾವಾಗಲೂ ಬೇರೆಯವರನ್ನು ಎಳೆದು ತರುತ್ತಿದ್ದ ದೋಣಿಯನ್ನು ನಾನು ಹಂಸ ತುಳಿದುಕೊಂಡು ಹೋಗಿ ಎಳೆದು ತರಬೇಕಾಯಿತು. ದಡಕ್ಕೆ ಬಂದ ಮೇಲೆ ಅಪ್ಪ, ‘ಚೆನ್ನಾಗ್ ತುಳೀತೀಯ’ ಎಂದರು.

ಕೊನೆಗೆ ದಾರಿ ಸಿಕ್ಕಿದ್ದು ಗಾಳಿಯಿಂದಲೇ. ಗಾಳಿ ಬೆನ್ನಿಗೆ ಇದ್ದರೆ ದೋಣಿಯನ್ನು ತಳ್ಳುತ್ತದೆ, ಮುಖಕ್ಕೆ ಇದ್ದರೆ ತಡೆಯುತ್ತದೆ. ಅಪ್ಪ ಕೆರೆಯಲ್ಲಿ ಒಂದು ದೊಡ್ಡ ಸುತ್ತು ಹಾಕಿ, ಗಾಳಿಗೆ ಎದುರಾಗಿ ಬಂದು, ದೂರದಲ್ಲೇ ಮೋಟಾರು ನಿಲ್ಲಿಸುವುದನ್ನು ಕಲಿತರು. ಗಾಳಿಯೇ ಮೂಗುದಾರ ಆಯಿತು. ಗಾಳಿ ದಿಕ್ಕು ಬದಲಿಸಿದ ದಿನ ಸುಮ್ಮನೆ ಕಾಯುವುದು. ದೋಣಿ ನಿಧಾನವಾಗಿ, ನಿಧಾನವಾಗಿ ತೊಟ್ಟಿಲಿನೊಳಗೆ ಜಾರುವುದು. ಎಡಗಡೆಯ ಕಂಬಕ್ಕೆ ನಾವು ಒಂದು ಹಗ್ಗದ ಕುಣಿಕೆ ಕಟ್ಟಿದ್ದೆವು, ಅದನ್ನು ಎಡಗೈಯಲ್ಲಿ ಹಿಡಿದರೆ ದೋಣಿ ನಿಂತಂತೆ. ಕೆಂಪು ಪಟ್ಟೆ ಕಂಬಕ್ಕೆ ಬರುವವರೆಗೆ ಹಗ್ಗ ಬಿಡುವುದು, ಎಳೆಯುವುದು. ಮೋಟಾರನ್ನು ನೀರಿನಿಂದ ಮೇಲೆತ್ತುವುದು. ತಳದಲ್ಲಿ ನೀರು ನಿಂತಿದ್ದರೆ ಮೊದಲು ತೋಡಿ ಹಾಕುವುದು, ಯಾಕೆಂದರೆ ದೋಣಿ ಎತ್ತುವಾಗ ಆ ನೀರು ಒಂದು ಕಡೆಗೆ ಓಡಿ ತೂಕ ಕೆಡಿಸುತ್ತದೆ. ಆಮೇಲೆ ನನಗೆ ಕೂಗುವುದು: ‘ಎಳಿ!’

ಮೂಟೆಯ ಜಾಗಕ್ಕೆ ಅಪ್ಪ ಬಂದರು. ಗೇಣಷ್ಟು ಎತ್ತಿದೆವು, ಮೊಣಕಾಲೆತ್ತರ ಎತ್ತಿದೆವು, ಕಟ್ಟೆಗೆ ಸಮ ಬರುವಷ್ಟು ಎತ್ತಿದೆವು. ಅಪ್ಪ ಇಳಿಯುವುದನ್ನು ಮಾತ್ರ ಮಾಡಲಿಲ್ಲ. ನಾನು ‘ಇಳೀರಿ ಅಪ್ಪಾ, ನೋಡೋಣ’ ಎಂದರೆ, ‘ಅವ್ನ್ ಮುಂದೆನೇ ಇಳ್ಯದು’ ಎಂದು ಮತ್ತೆ ದೋಣಿಯನ್ನು ಕೆಳಗಿಳಿಸಿ, ಮಾಮೂಲಿನಂತೆ ಕಂಕುಳಿಗೆ ಕೈ ಹಾಕಿಸಿಕೊಂಡೇ ಕಟ್ಟೆಗೆ ಹತ್ತುವರು. ಅದು ಹಟವೋ ಭಯವೋ ನಾನು ಕೇಳಲಿಲ್ಲ.

ಅಣ್ಣ ಒಂದು ಮಂಗಳವಾರ ಬಂದ. ಬಿಳಿ ಷರ್ಟು, ಕರಿ ಕನ್ನಡಕ, ಯಾವುದೋ ಸೈಟಿನ ರಿಜಿಸ್ಟ್ರೇಷನ್ ಮುಗಿಸಿಕೊಂಡು ಬಂದವನು. ಕಟ್ಟೆಯ ಮೇಲೆ ನಿಂತು ನೋಡುತ್ತಾನೆ ಎಂದುಕೊಂಡಿದ್ದೆ.

‘ನಾನೂ ದೋಣಿಯಲ್ಲೇ ಕೂತ್ಕೋತೀನಿ,’ ಎಂದ. ‘ಹತ್ರದಿಂದ ನೋಡ್ಬೇಕು. ಆಮೇಲೆ ನೀವಿಬ್ರು ಸೇರ್ಕೊಂಡ್ ಏನೋ ಮಾಡಿದ್ರಿ ಅನ್ನೋ ಹಾಗಾಗ್ಬಾರ್ದು.’

‘ನೀನ್ ಕೂತ್ರೆ ತೂಕ ಎಲ್ಲಾ ಕೆಡತ್ತೆ ಕಣೋ!’ ಎಂದು ನಾನು ಕಿರುಚಿದೆ. ಅಣ್ಣ ಸಣ್ಣ ಆಳಲ್ಲ. ಅಮ್ಮನ ಮುದ್ದೆಗೆ ನ್ಯಾಯ ಸಲ್ಲಿಸಿದ ಮೈ ಅದು. ಕೆಂಪು ಪಟ್ಟೆಯ ಲೆಕ್ಕ ಅಪ್ಪ ಒಬ್ಬರೇ ಇದ್ದಾಗಿನದು.

‘ಕೂರ್ಲಿ ಬುಡು,’ ಎಂದರು ಅಪ್ಪ, ಆಗಲೇ ದೋಣಿಯಲ್ಲಿ ಮೋಟಾರಿನ ಪಕ್ಕ ಕೂತಿದ್ದವರು. ‘ಬಾ ಮಗಾ.’

ಅಣ್ಣ ಕಟ್ಟೆಯಿಂದ ಇಳಿದ. ದೋಣಿ ಅವನ ಭಾರಕ್ಕೆ ಕುಗ್ಗಿ ಹೊಯ್ದಾಡಿತು. ಅವನು ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡು, ತೆವಳಿಕೊಂಡೇ ಮುಂದೆ ಹೋಗಿ ಮೂತಿಯ ಹತ್ತಿರದ ಹಲಗೆಯ ಮೇಲೆ ಕೂತ. ಇಷ್ಟು ವರ್ಷ ಬೋಟಿಂಗಿನ ಲೆಕ್ಕಪತ್ರ ನೋಡಿದವನು ಒಮ್ಮೆಯೂ ದೋಣಿ ಹತ್ತಿರಲಿಲ್ಲ ಎಂಬುದು ನನಗೆ ಅವತ್ತೇ ಹೊಳೆದದ್ದು. ನಮ್ಮ ಮನೆಯಲ್ಲಿ ಈಜು ಯಾರಿಗೂ ಬರುತ್ತಿರಲಿಲ್ಲ.

ಅಪ್ಪ ಮೋಟಾರು ಹಚ್ಚಿ ಹೊರಟರು. ಬೇಕಂತಲೇ ದೊಡ್ಡ ಸುತ್ತು ಹಾಕಿದರು ಎಂದು ನನ್ನ ಅನುಮಾನ. ಅಣ್ಣನ ಬಿಳಿ ಷರ್ಟು ಕೆರೆಯ ಆ ತುದಿಯವರೆಗೆ ಹೋಗಿ ಚುಕ್ಕೆಯಾಗಿ ಮತ್ತೆ ದೊಡ್ಡದಾಗುತ್ತ ಬಂತು. ನಾನು ಮತ್ತು ಭಾಯಿ ಚೈನಿನ ಹತ್ತಿರ ನಿಂತಿದ್ದೆವು. ಅಮ್ಮ ಅಂದು ಕಡಲೆಕಾಯಿ ತಂದಿರಲಿಲ್ಲ. ಸುಮ್ಮನೆ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿದ್ದಳು.

ದೋಣಿ ಗಾಳಿಗೆ ಎದುರಾಗಿ ತಿರುಗಿತು. ಮೋಟಾರು ನಿಂತಿತು. ನೀರಿನ ಸದ್ದು ಮಾತ್ರ. ಅಪ್ಪ ಎಡಗೈಯಲ್ಲಿ ಕುಣಿಕೆ ಹಿಡಿದರು, ದೋಣಿ ಕಂಬಗಳ ನಡುವೆ ಮೆಲ್ಲಗೆ ಬಂದು ನಿಂತಿತು. ನಾನು ಕೆಂಪು ಪಟ್ಟೆ ನೋಡಿದೆ. ಅದು ಇನ್ನೂ ಕಂಬಕ್ಕೆ ಬಂದಿರಲಿಲ್ಲ. ಒಂದು ಮೊಳಕ್ಕೂ ಹೆಚ್ಚು ಹಿಂದೆಯೇ ಇತ್ತು.

‘ಅಪ್ಪಾ, ಇನ್ನೂ ಮುಂದೆ! ಪಟ್ಟೆ ಬಂದಿಲ್ಲ!’

ಅಪ್ಪ ನನ್ನ ಕಡೆ ನೋಡಲೇ ಇಲ್ಲ. ಅಣ್ಣನನ್ನು ನೋಡುತ್ತಿದ್ದರು. ಮಂಡಿಯಲ್ಲಿ ಮೂಟೆ ನೋಡುವಾಗ ನೋಡುತ್ತಿದ್ದರಲ್ಲ, ಕಣ್ಣು ಕಿರಿದು ಮಾಡಿ, ತಲೆ ಸ್ವಲ್ಪ ವಾಲಿಸಿ, ಹಾಗೆ. ಹಗ್ಗವನ್ನು ಒಂದು ಗೇಣು ಸಡಿಲ ಬಿಟ್ಟರು. ದೋಣಿ ಮುಂದೆ ಬರುವ ಬದಲು ಮತ್ತೂ ಹಿಂದಕ್ಕೆ ಸರಿಯಿತು.

‘ಅಪ್ಪಾ!’

‘ಸುಮ್ಕಿರೇ. ಪಟ್ಟೆಗೇನ್ ಗೊತ್ತು ಇವ್ನ್ ತೂಕ? ಎಳಿ!’

ಭಾಯಿ ನನ್ನನ್ನು ನೋಡಿದರು, ನಾನು ಭಾಯಿಯನ್ನು ನೋಡಿದೆ, ಇಬ್ಬರೂ ಎಳೆದೆವು. ಕಟಕಟ. ಬೆಲ್ಟುಗಳು ಬಿಗಿದವು. ದೋಣಿ ನೀರಿನಲ್ಲಿ ಒಮ್ಮೆ ಮೈ ಕೊಡವಿ ಸುಮ್ಮನಾಯಿತು. ಮೂತಿ ಬಾಗುತ್ತದೆ, ಈಗ ಬಾಗುತ್ತದೆ ಎಂದು ನಾನು ಹಲ್ಲು ಕಚ್ಚಿಕೊಂಡಿದ್ದೆ. ಬಾಗಲಿಲ್ಲ. ದೋಣಿ ಸಮವಾಗಿ, ತಳದಿಂದ ನೀರು ಸೋರಿಸುತ್ತ, ಅಪ್ಪ ಮಗ ಇಬ್ಬರನ್ನೂ ಹೊತ್ತು ಮೇಲೆದ್ದಿತು. ಭಾಯಿ ಕೀಲುಗಳನ್ನು ಹಾಕಿ, ಕಾಲಿನಿಂದ ಒದ್ದು ನೋಡಿ, ‘ಪಕ್ಕಾ’ ಎಂದರು.

ದೋಣಿಯ ತಳವೂ ಕಟ್ಟೆಯ ಹಲಗೆಯೂ ಒಂದೇ ಮಟ್ಟಕ್ಕಿದ್ದವು. ಅಪ್ಪ ಎದ್ದರು. ಕಂಬವನ್ನು ಎಡಗೈಯಲ್ಲಿ ಹಿಡಿದು, ಎಡಗಾಲನ್ನು ಕಟ್ಟೆಯ ಮೇಲಿಟ್ಟರು. ಬಲಗಾಲನ್ನು ಎಳೆದುಕೊಂಡರು. ಅಷ್ಟೇ. ಪಂಚೆಯ ತುದಿಯೂ ಒದ್ದೆಯಾಗಲಿಲ್ಲ. ಕೆಲಸದವರು ಅಭ್ಯಾಸಬಲದಿಂದ ಮುಂದೆ ಬಂದವರು ಕೈ ಚಾಚಿಕೊಂಡೇ ನಿಂತುಬಿಟ್ಟರು, ಆ ಕೈಗಳಿಗೆ ಕೆಲಸವಿರಲಿಲ್ಲ. ಅಮ್ಮ ಏನೋ ಕೀಟಲೆ ಮಾಡುತ್ತಾಳೆ ಎಂದು ಕಾದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಅಣ್ಣ ಮಾತ್ರ ಇನ್ನೂ ದೋಣಿಯ ಮೂತಿಯಲ್ಲೇ ಕೂತಿದ್ದ. ಎರಡು ಕೈಯಲ್ಲೂ ಅಂಚನ್ನು ಹಿಡಿದಿದ್ದ. ಕರಿ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಏಳಲು ನೋಡಿದ. ತೊಟ್ಟಿಲು ಒಂದಿಷ್ಟು ಕಿರ್ ಎಂದಿತು. ತಕ್ಷಣ ಕೂತುಬಿಟ್ಟ.

ನಾನು ಜೋರಾಗಿ ನಗಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ತಿರುಗಿದರು. ಎಡಗೈ ಕಂಬ ಹಿಡಿದಿತ್ತು, ಅದನ್ನು ಬಿಡುವ ಹಾಗಿರಲಿಲ್ಲ. ಹಾಗಾಗಿ ಬಲಗೈಯನ್ನು ಚಾಚಿದರು. ಆ ಕೈ ಮೇಲೇಳಲು ಬಹಳ ಹೊತ್ತು ತೆಗೆದುಕೊಂಡಿತು. ನಡುಗುತ್ತ, ನಿಲ್ಲುತ್ತ, ಕೊನೆಗೆ ಅಣ್ಣನ ಎದೆಯ ಎತ್ತರಕ್ಕೆ ಬಂತು.

‘ಇಡ್ಕಳ್ಲಾ,’ ಎಂದರು. ‘ಎದ್ರಿಕೋಬ್ಯಾಡ, ನಾನಿವ್ನಿ.’

ಅಣ್ಣ ಆ ಕೈಯನ್ನು ಹಿಡಿದುಕೊಂಡ. ಅದರ ಮೇಲೆ ಭಾರ ಹಾಕದೆ, ಬರೀ ಹಿಡಿದುಕೊಂಡು, ತನ್ನ ಕಾಲ ಮೇಲೆಯೇ ಎದ್ದು ಕಟ್ಟೆಗೆ ದಾಟಿದ. ದಾಟಿದ ಮೇಲೂ ಬಿಡಲಿಲ್ಲ. ಇಬ್ಬರೂ ಹಾಗೆಯೇ ಕೈ ಹಿಡಿದುಕೊಂಡು, ಅಪ್ಪನ ನಡಿಗೆಯ ನಿಧಾನಕ್ಕೆ, ದಡದ ಕಡೆಗೆ ಹೊರಟರು.